ಸಾಯದೆ ಉಳಿದ ನುಸಿ ಏನು ಮಾಡುತ್ತದೆ?

ಟೊಮೇಟೊ, ಬೀನ್ಸ್, ಬದನೆ, ಗುಲಾಬಿ ಬೆಳೆಯುವವರು ಬೇಸಿಗೆಯಲ್ಲಿ ಪದೇ ಪದೇ ಕಾಣುವ ಸಂಗತಿಯೊಂದಿದೆ. ನುಸಿಗೆ ಔಷಧಿ ಹೊಡೆದ ಎರಡು ಮೂರು ದಿನ ತೋಟ ಸುಧಾರಿಸಿದಂತೆ ಕಾಣುತ್ತದೆ. ಹತ್ತು ಹನ್ನೆರಡು ದಿನ ಕಳೆಯುವಷ್ಟರಲ್ಲಿ ನುಸಿ ಮೊದಲಿಗಿಂತ ಜೋರಾಗಿ ಏರಿರುತ್ತದೆ, ಅದೂ ಮೊದಲು ಇಲ್ಲದಿದ್ದ ಸಾಲುಗಳಲ್ಲಿ. ಔಷಧಿ ನಕಲಿ ಇರಬೇಕು ಎನ್ನುತ್ತಾರೆ ಕೆಲವರು, ನುಸಿಗೆ ಆ ಔಷಧಿ ರೂಢಿಯಾಗಿದೆ ಎನ್ನುತ್ತಾರೆ ಇನ್ನು ಕೆಲವರು. ಎರಡೂ ನಿಜವಿರಬಹುದು. ಆದರೆ ಅಷ್ಟಾಗಿ ಚರ್ಚೆಯಾಗದ ಮೂರನೆಯ ಕಾರಣವೂ ಇದೆ. ಕೊಲ್ಲುವಷ್ಟು ಪ್ರಮಾಣದಲ್ಲಿ ತಲುಪದ ಔಷಧಿ ನುಸಿಯ ನಡವಳಿಕೆಯನ್ನೇ ಬದಲಿಸುತ್ತದೆ. ಅದು ಎಲ್ಲಿಗೆ ನಡೆಯುತ್ತದೆ, ಎಷ್ಟು ತಿನ್ನುತ್ತದೆ, ಎಲ್ಲಿ ಮೊಟ್ಟೆಯಿಡುತ್ತದೆ, ಅದನ್ನು ಬೇಟೆಯಾಡುವ ಜೀವಿಗಳು ಏನಾಗುತ್ತವೆ ಎಂಬುದೆಲ್ಲ ಬದಲಾಗುತ್ತದೆ. ಸತ್ತ ನುಸಿಯನ್ನಷ್ಟೇ ಎಣಿಸಿದರೆ ಇದ್ಯಾವುದೂ ಕಣ್ಣಿಗೆ ಬೀಳುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಎರಡು ಚುಕ್ಕೆಯ ಜೇಡನುಸಿಯ ಬಗ್ಗೆ. ಶಾಸ್ತ್ರೀಯ ಹೆಸರು ಟೆಟ್ರಾನಿಕಸ್ ಅರ್ಟಿಕೆ. ಹೊಲದಲ್ಲೂ ಔಷಧಿ ಅಂಗಡಿಯಲ್ಲೂ ‘ಮೈಟ್ಸ್’ ಅಥವಾ ‘ಕೆಂಪು ನುಸಿ’ ಎಂದರೆ ಹೆಚ್ಚಾಗಿ ಇದೇ ಬಳಗ. ಬೆಳೆದ ಹೆಣ್ಣು ಅರ್ಧ ಮಿಲಿಮೀಟರಿನಷ್ಟಿರುತ್ತದೆ. ಇದು ಕೀಟವಲ್ಲ, ಜೇಡ ಮತ್ತು ಚೇಳುಗಳ ಬಳಗದ ಎಂಟು ಕಾಲಿನ ಜೀವಿ. ಆದ್ದರಿಂದ ಕೀಟಗಳನ್ನು ಕೊಲ್ಲುವ ಔಷಧಿ ಇದನ್ನೂ ಕೊಲ್ಲಬೇಕೆಂದೇನಿಲ್ಲ. ಮೊಟ್ಟೆಯೊಡೆದು ಬರುವ ಮರಿಗೆ ಆರು ಕಾಲು. ಮುಂದೆ ಎರಡು ಹಂತದ ಎಂಟು ಕಾಲಿನ ಮರಿ, ಆಮೇಲೆ ಪ್ರೌಢ ನುಸಿ. ಪ್ರತಿ ಹಂತದ ನಡುವೆಯೂ ಅಲುಗಾಡದೆ, ತಿನ್ನದೆ ಪೊರೆ ಕಳಚುವ ಒಂದು ವಿರಾಮವಿದೆ. 30 ಡಿಗ್ರಿ ಆಸುಪಾಸಿನ ಬಿಸಿಲಿನಲ್ಲಿ ಮೊಟ್ಟೆಯಿಂದ ಹೊರಟು ಮೊಟ್ಟೆಯಿಡುವ ಹೆಣ್ಣಾಗಲು ಎಂಟು ಹತ್ತು ದಿನ ಸಾಕು. ಒಂದು ಹೆಣ್ಣು ತನ್ನ ಆಯಸ್ಸಿನಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಗಂಡಿನ ಜೊತೆ ಕೂಡದ ಹೆಣ್ಣೂ ಮೊಟ್ಟೆಯಿಡುತ್ತದೆ, ಆದರೆ ಅವುಗಳಿಂದ ಬರುವುದು ಗಂಡುಗಳು ಮಾತ್ರ. ಈ ಕೊನೆಯ ಮಾತು ನೆನಪಿನಲ್ಲಿರಲಿ, ಔಷಧಿಗೆ ಬಗ್ಗದ ನುಸಿಯ ಪ್ರಶ್ನೆ ಬಂದಾಗ ಬೇಕಾಗುತ್ತದೆ.

ಕಡಿಮೆ ಪ್ರಮಾಣ ಬರುವುದೆಲ್ಲಿಂದ

ಲೇಬಲ್‌ನಲ್ಲಿ ಹೇಳಿದಷ್ಟೇ ಹಾಕಿದ್ದೇವೆ, ಮತ್ತೆ ಕಡಿಮೆ ಪ್ರಮಾಣದ ಮಾತೇಕೆ ಎಂದು ಕೇಳಬಹುದು. ಟ್ಯಾಂಕಿನಲ್ಲಿರುವ ಪ್ರಮಾಣ ಬೇರೆ, ನುಸಿಯ ಮೈಗೆ ತಲುಪುವ ಪ್ರಮಾಣ ಬೇರೆ. ನುಸಿ ಇರುವುದು ಎಲೆಯ ಅಡಿಯಲ್ಲಿ, ಬಹುಪಾಲು ಗಿಡದ ಕೆಳಗಿನ ಮತ್ತು ನಡುವಿನ ಎಲೆಗಳಲ್ಲಿ, ಮೇಲೆ ತಾನೇ ನೇಯ್ದ ಬಲೆಯ ಮರೆಯಲ್ಲಿ. ನಾಜಲ್ಲನ್ನು ಮೇಲಿನಿಂದ ಆಡಿಸಿದರೆ ದ್ರಾವಣದ ಬಹುಪಾಲು ಎಲೆಯ ಮೇಲ್ಮೈಯಲ್ಲೇ ಕೂರುತ್ತದೆ. ಅಡಿಭಾಗಕ್ಕೆ ಅಲ್ಲೊಂದು ಇಲ್ಲೊಂದು ಹನಿ ಬಿದ್ದಿರುತ್ತದೆ. ಹನಿ ಬಿದ್ದ ಕಡೆ ಪೂರ್ತಿ ಪ್ರಮಾಣ, ಹನಿಗಳ ನಡುವೆ ಏನೂ ಇಲ್ಲ, ಅಂಚಿನಲ್ಲಿ ಅರೆಬರೆ. ನುಸಿ ಬದುಕುವುದು ಈ ತೇಪೆಗಳ ನಡುವೆ.

ಎರಡನೆಯ ಮೂಲ ನೀರಿನ ಲೆಕ್ಕ. ಒಂದು ಔಷಧಿಯ ಲೇಬಲ್ ಹೆಕ್ಟೇರಿಗೆ 500 ಲೀಟರ್ ನೀರಿನಲ್ಲಿ 400 ಮಿಲಿ ಎಂದು ಹೇಳುತ್ತದೆ ಎಂದಿಟ್ಟುಕೊಳ್ಳಿ. ಎಕರೆಗೆ 200 ಲೀಟರ್ ನೀರು, 160 ಮಿಲಿ ಔಷಧಿ. 16 ಲೀಟರಿನ ಟ್ಯಾಂಕಿಗೆ 12.8 ಮಿಲಿ, ಎಕರೆಗೆ ಹನ್ನೆರಡೂವರೆ ಟ್ಯಾಂಕ್. ಆದರೆ ಕೂಲಿ ಮತ್ತು ಸಮಯ ಉಳಿಸಲು ಎಷ್ಟೋ ಕಡೆ ಎಕರೆಗೆ ಆರು ಟ್ಯಾಂಕಿನಲ್ಲಿ ಮುಗಿಸುತ್ತಾರೆ. ಟ್ಯಾಂಕಿಗೆ ಅಳತೆ ಸರಿಯಾಗಿಯೇ ಹಾಕಿದ್ದರೂ ಎಕರೆಗೆ ಬಿದ್ದದ್ದು 77 ಮಿಲಿ, ಅರ್ಧಕ್ಕಿಂತ ಕಡಿಮೆ. ಇನ್ನು ಬಾಟಲಿಯ ಮುಚ್ಚಳದಲ್ಲಿ ಅಳೆಯುವ ಅಭ್ಯಾಸವಂತೂ ಬಿಡಲೇಬೇಕು. ಮುಚ್ಚಳದ ಗಾತ್ರ ಒಂದೊಂದು ಕಂಪನಿಯದು ಒಂದೊಂದು ರೀತಿ. ಹತ್ತಿಪ್ಪತ್ತು ರೂಪಾಯಿಗೆ ಸಿಗುವ ಸಿರಿಂಜ್ ಅಥವಾ ಅಳತೆಯ ಲೋಟ ಇದಕ್ಕೆ ಸಾಕು.

ಮೂರನೆಯದು ಕಾಲ. ಹೊಡೆದ ಔಷಧಿ ಎಲೆಯ ಮೇಲೆ ದಿನದಿನಕ್ಕೆ ಸವೆಯುತ್ತದೆ. ಅಬಾಮೆಕ್ಟಿನ್ ಬಿಸಿಲಿಗೆ ಬಹಳ ಬೇಗ ಒಡೆಯುತ್ತದೆ; ಎಲೆಯೊಳಗೆ ಇಳಿದ ಅಂಶ ಮಾತ್ರ ಕೆಲಸ ಮಾಡುತ್ತಾ ಉಳಿಯುತ್ತದೆ. ಎಳೆಯ ಎಲೆಯಲ್ಲಿ ಹೀಗೆ ಇಳಿಯುವುದು ಸಲೀಸು, ಬಲಿತ ದಪ್ಪ ಎಲೆಯಲ್ಲಿ ಕಷ್ಟ. ಹೊಡೆದ ಮೇಲೆ ಬಂದ ಹೊಸ ಚಿಗುರಿನಲ್ಲಿ ಔಷಧಿಯೇ ಇರುವುದಿಲ್ಲ. ಬೀಜೋಪಚಾರದ ಕಥೆಯೂ ಇಂಥದ್ದೇ. ಹತ್ತಿ ಬೀಜಕ್ಕೆ ಹಚ್ಚಿ ಬರುವ ಇಮಿಡಾಕ್ಲೋಪ್ರಿಡ್ ಸಸಿಯಲ್ಲಿ ಗಟ್ಟಿಯಾಗಿರುತ್ತದೆ, ಗಿಡ ಬೆಳೆದಂತೆ ತೆಳುವಾಗುತ್ತಾ ಹೋಗುತ್ತದೆ. ಪಕ್ಕದ ಹೊಲದಿಂದ ಗಾಳಿಗೆ ತೂರಿಬರುವ ಹನಿಯೂ ಸೇರಿತು. ಒಟ್ಟಿನಲ್ಲಿ ಪ್ರತಿ ಸಿಂಪರಣೆಯೂ ಹೊಲದ ಎಲ್ಲೋ ಒಂದು ಕಡೆ, ಯಾವುದೋ ಒಂದು ದಿನ, ಕೊಲ್ಲದ ಪ್ರಮಾಣವಾಗಿಯೇ ಕೊನೆಗೊಳ್ಳುತ್ತದೆ.

ಪ್ರಯೋಗಾಲಯದಲ್ಲಿ ಅಳೆಯುವುದು ಹೇಗೆ

ನೂರು ನುಸಿಗಳಲ್ಲಿ ಐವತ್ತನ್ನು ಕೊಲ್ಲುವ ಸಾಂದ್ರತೆಗೆ ಎಲ್‌ಸಿ 50 ಎನ್ನುತ್ತಾರೆ. ಹತ್ತನ್ನು ಮಾತ್ರ ಕೊಲ್ಲುವ ಸಾಂದ್ರತೆ ಎಲ್‌ಸಿ 10, ಮೂವತ್ತಾದರೆ ಎಲ್‌ಸಿ 30. ನಡವಳಿಕೆಯ ಅಧ್ಯಯನಕ್ಕೆ ಬೇಕಾದವು ಇಂಥ ಕಡಿಮೆ ಮಟ್ಟಗಳು, ಏಕೆಂದರೆ ಬದುಕಿ ಉಳಿದ ತೊಂಬತ್ತೋ ಎಪ್ಪತ್ತೋ ನುಸಿಗಳು ಮುಂದೇನು ಮಾಡುತ್ತವೆ ಎಂಬುದೇ ಅಲ್ಲಿನ ಪ್ರಶ್ನೆ. ಬೀನ್ಸ್ ಎಲೆಯಿಂದ ಕತ್ತರಿಸಿದ ಬಿಲ್ಲೆಯನ್ನು ಅಡಿ ಮೇಲಾಗಿ ಒದ್ದೆ ಹತ್ತಿಯ ಮೇಲೆ ಇಡುತ್ತಾರೆ. ಸುತ್ತಲಿನ ನೀರು ದಾಟಿ ನುಸಿ ಹೋಗಲಾರದು, ಹೋಗಲು ಯತ್ನಿಸಿದರೆ ಹತ್ತಿಯಲ್ಲಿ ಸಿಕ್ಕಿಬೀಳುತ್ತದೆ. ಅಲ್ಲಿ ಸಿಕ್ಕಿಬಿದ್ದವುಗಳ ಎಣಿಕೆಯೇ ಎಲೆ ಬಿಟ್ಟು ಓಡುವ ಪ್ರವೃತ್ತಿಯ ಅಳತೆ. ಬಿಲ್ಲೆಯ ಅರ್ಧಕ್ಕೆ ಮಾತ್ರ ಔಷಧಿ ತಾಗಿಸಿ, ನಡುಗೆರೆಯ ಮೇಲೆ ನುಸಿ ಬಿಟ್ಟರೆ ಅದರ ಆಯ್ಕೆ ಗೊತ್ತಾಗುತ್ತದೆ. ಆಮೇಲೆ ದಿನವೂ ಮೊಟ್ಟೆ ಎಣಿಸಿ, ಎಷ್ಟು ಮರಿಯಾದವು, ಎಷ್ಟು ದಿನದಲ್ಲಿ ಬೆಳೆದವು, ಅವುಗಳಲ್ಲಿ ಹೆಣ್ಣೆಷ್ಟು ಗಂಡೆಷ್ಟು ಎಂದು ಲೆಕ್ಕವಿಟ್ಟು ಸಂತತಿ ಬೆಳೆಯುವ ವೇಗವನ್ನು ಕಂಡುಹಿಡಿಯುತ್ತಾರೆ. ಭಾರತದಲ್ಲಿ ಕೃಷಿ ನುಸಿಗಳ ಬಗೆಗಿನ ಅಖಿಲ ಭಾರತ ಜಾಲ ಯೋಜನೆಯ ಸಮನ್ವಯ ಕೇಂದ್ರ ಇರುವುದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲೇ.

ಎಲೆ ಬಿಟ್ಟು ಹೊರಡುವುದು

ಅತ್ಯಂತ ಸ್ಪಷ್ಟವಾಗಿ ಕಾಣುವ ಬದಲಾವಣೆ ನಡಿಗೆಯದು. ಫೆನ್ವಲರೇಟ್, ಪರ್ಮೆತ್ರಿನ್‌ನಂಥ ಪೈರೆಥ್ರಾಯ್ಡ್ ಔಷಧಿಗಳ ಮೇಲೆ 1980ರ ದಶಕದಿಂದಲೇ ಈ ಬಗ್ಗೆ ಸಾಕಷ್ಟು ಕೆಲಸವಾಗಿದೆ. ಪೈರೆಥ್ರಾಯ್ಡ್‌ಗಳು ನರಗಳನ್ನು ಅತಿಯಾಗಿ ಕೆರಳಿಸುವಂಥವು. ಕೀಟ ಇದರಿಂದ ಒದ್ದಾಡಿ ಸಾಯುತ್ತದೆ. ಜೇಡನುಸಿಗೆ ಸಾಮಾನ್ಯ ಪ್ರಮಾಣದಲ್ಲಿ ಸಾವು ಕಡಿಮೆ, ಚಡಪಡಿಕೆ ಹೆಚ್ಚು. ಔಷಧಿ ತಾಗಿದ ಮೇಲ್ಮೈಯಲ್ಲಿ ಅದು ನೆಲೆ ನಿಲ್ಲುವುದಿಲ್ಲ, ಸೂಜಿಬಾಯಿ ಊರಿ ತಿನ್ನುವುದನ್ನು ಬಿಟ್ಟು ನಡೆಯುತ್ತಲೇ ಇರುತ್ತದೆ. ಅರ್ಧ ಲೇಪಿತ ಎಲೆಯಾದರೆ ಲೇಪವಿಲ್ಲದ ಅರ್ಧಕ್ಕೆ ಸರಿಯುತ್ತದೆ. ಎಲೆಯೆಲ್ಲ ಲೇಪಿತವಾಗಿದ್ದರೆ ಅಂಚಿಗೆ ಬಂದು ನೂಲಿನ ಎಳೆ ಹಿಡಿದು ಕೆಳಕ್ಕೆ ಇಳಿಯುತ್ತದೆ, ಅಥವಾ ಗಿಡದ ತುದಿಗೆ ಹತ್ತಿ, ಮೈಯ ಮುಂಭಾಗ ಎತ್ತಿ ಗಾಳಿಗೆ ಒಡ್ಡಿಕೊಂಡು ಹಾರಿಹೋಗುತ್ತದೆ.

ಇದರಿಂದ ಹೊಲದಲ್ಲಿ ಆಗುವುದೇನು? ಸಾಮಾನ್ಯವಾಗಿ ನುಸಿ ತೇಪೆ ತೇಪೆಯಾಗಿ ಶುರುವಾಗುತ್ತದೆ: ರಸ್ತೆ ಬದಿಯ ಧೂಳಿನ ಸಾಲು, ನೀರು ಸರಿಯಾಗಿ ಹತ್ತದ ಮೂಲೆ, ಪಾಲಿಹೌಸಿನ ಬಿಸಿಯಾದ ಅಂಚು. ಒಂದೆಲೆಯಲ್ಲಿ ಕಿಕ್ಕಿರಿದ ನುಸಿಗಳು ಪರಸ್ಪರರ ಆಹಾರಕ್ಕೆ ಅಡ್ಡಿಯಾಗಿ, ಎಲೆ ಒಣಗಿ, ಮೊಟ್ಟೆ ತಾನಾಗಿಯೇ ಕಡಿಮೆಯಾಗುವ ಹಂತಕ್ಕೆ ಬಂದಿರುತ್ತವೆ. ಇಂಥ ಹೊತ್ತಿನಲ್ಲಿ ಅರೆಬರೆ ಪೈರೆಥ್ರಾಯ್ಡ್ ಬಿದ್ದರೆ ಆ ಗುಂಪು ಚದುರುತ್ತದೆ. ಒಂದೊಂದು ಹೆಣ್ಣಿಗೂ ಹೊಸ ಹಸಿರೆಲೆ, ಪೈಪೋಟಿಯಿಲ್ಲದ ಜಾಗ ಸಿಗುತ್ತದೆ. ಮೂರನೆಯ ದಿನ ಹಳೆಯ ಎಲೆ ತಿರುವಿ ನೋಡಿದವರಿಗೆ ನುಸಿ ಕಾಣುವುದಿಲ್ಲ, ಔಷಧಿ ಕೆಲಸ ಮಾಡಿತು ಎಂದುಕೊಳ್ಳುತ್ತಾರೆ. ಅವು ಆಗಲೇ ನಾಲ್ಕು ಸಾಲು ಆಚೆ ಮೊಟ್ಟೆಯಿಡುತ್ತಿರುತ್ತವೆ. ಹೊಲದಲ್ಲಿ ನುಸಿ ಏರಿದ್ದಕ್ಕೆ ಔಷಧಿಯೇ ಕಾರಣವಾಗುವ ದಾರಿಗಳಲ್ಲಿ ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಕಡೆಗಣಿಸಲ್ಪಟ್ಟದ್ದು ಇದು. ಕೀಟಕ್ಕೆಂದು ಸೈಪರ್‌ಮೆತ್ರಿನ್, ಡೆಲ್ಟಾಮೆತ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್‌ಗಳನ್ನು ಬೇಸಿಗೆಯಲ್ಲಿ ಎಗ್ಗಿಲ್ಲದೆ ಹೊಡೆಯುವಲ್ಲೆಲ್ಲ ಇದರ ಸಾಧ್ಯತೆ ಇದ್ದೇ ಇದೆ.

ತಿನ್ನುವುದು ಕಡಿಮೆಯಾದರೆ ಒಳ್ಳೆಯದೇ ತಾನೇ ಎನ್ನಿಸಬಹುದು. ಕೆಲವು ನುಸಿನಾಶಕಗಳಲ್ಲಿ ಹೌದು. ಅಬಾಮೆಕ್ಟಿನ್ ತಾಗಿದ ನುಸಿ ಬೇಗನೆ ಸೆಟೆದು ತಿನ್ನುವುದನ್ನು ನಿಲ್ಲಿಸುತ್ತದೆ. ಸಾಯಲು ಮಾತ್ರ ಮೂರರಿಂದ ಐದು ದಿನ ಹಿಡಿಯಬಹುದು. ಸ್ಪೈರೋಮೆಸಿಫೆನ್ ಮೈಯೊಳಗೆ ಕೊಬ್ಬಿನಂಶ ತಯಾರಾಗುವುದನ್ನು ತಡೆಯುವಂಥದ್ದು, ಇನ್ನೂ ನಿಧಾನ. ದೊಡ್ಡ ಹೆಣ್ಣುಗಳು ಓಡಾಡುತ್ತಲೇ ಇರುತ್ತವೆ, ಆದರೆ ಇಡುವ ಮೊಟ್ಟೆ ಕಡಿಮೆಯಾಗುತ್ತದೆ, ಮರಿಗಳು ಮುಂದಿನ ಹಂತ ದಾಟುವುದಿಲ್ಲ. ಹೆಕ್ಸಿಥಿಯಾಜಾಕ್ಸ್ ಬೆಳೆದ ನುಸಿಯನ್ನು ಕೊಲ್ಲುವುದೇ ಇಲ್ಲ. ಅದು ತಾಗಿದ ಹೆಣ್ಣು ಇಟ್ಟ ಮೊಟ್ಟೆಗಳು ಒಡೆಯುವುದಿಲ್ಲ. ಇವುಗಳಲ್ಲಿ ಕೊಲ್ಲದ ಪರಿಣಾಮವೇ ಔಷಧಿಯ ಅಸಲು ಕೆಲಸ. ಇದು ಗೊತ್ತಿಲ್ಲದೆ ಮೂರನೇ ದಿನ ‘ನುಸಿ ಇನ್ನೂ ಓಡಾಡ್ತಿದೆ’ ಎಂದು ಇನ್ನೊಂದು ಔಷಧಿ ತಂದು ಹೊಡೆಯುವುದು ಹಣ ಕಳೆಯುವ ದಾರಿ. ಅದಕ್ಕಿಂತ ಕೆಟ್ಟದ್ದು, ತಂದದ್ದು ಪೈರೆಥ್ರಾಯ್ಡ್ ಇರುವ ಮಿಶ್ರಣವಾಗಿದ್ದರೆ ಸಾಯಲಿದ್ದ ಗುಂಪನ್ನು ಚದುರಿಸಿದಂತೆಯೂ ಆಗುತ್ತದೆ.

ಬಲೆ ನೇಯುವುದೂ ಬದಲಾಗುತ್ತದೆ. ಚಡಪಡಿಸುವ ನುಸಿ ಒಂದೆಡೆ ಕೂತು ಬಲೆ ಕಟ್ಟುವುದಿಲ್ಲ. ಗಂಡು ನುಸಿಗೂ ಒಂದು ಕಟ್ಟುನಿಟ್ಟಿನ ವರ್ತನೆಯಿದೆ: ಕೊನೆಯ ಪೊರೆ ಕಳಚಲು ಸಿದ್ಧವಾಗಿ ಅಲುಗದೆ ಕೂತ ಹೆಣ್ಣುಮರಿಯ ಮೇಲೆ ಅದು ಕಾವಲು ಕೂರುತ್ತದೆ, ಹೊರಬಂದ ತಕ್ಷಣ ಕೂಡುತ್ತದೆ. ಔಷಧಿಯ ಅಂಶ ಈ ಕಾವಲನ್ನು ಕೆಡಿಸಿದರೆ ಕೂಡದ ಹೆಣ್ಣುಗಳು ಉಳಿದು ಮುಂದಿನ ತಲೆಮಾರಿನಲ್ಲಿ ಗಂಡುಗಳ ಪಾಲು ಹೆಚ್ಚುತ್ತದೆ.

ಮೊಟ್ಟೆ ಹೆಚ್ಚುವ ಪ್ರಕರಣ

ವಿಷದ ಅಲ್ಪ ಪ್ರಮಾಣ ಜೀವಿಯನ್ನು ಚುರುಕುಗೊಳಿಸಬಹುದು ಎಂಬುದಕ್ಕೆ ಹಾರ್ಮೆಸಿಸ್ ಎಂಬ ಹೆಸರಿದೆ. ನುಸಿಯಲ್ಲಿ ಇದರ ಸುಳಿವು ಹಳೆಯದು. 1940ರ ದಶಕದ ಕೊನೆಯಲ್ಲಿ ಡಿಡಿಟಿ ಹೊಡೆದ ಸೇಬಿನ ತೋಟಗಳಲ್ಲಿ ನುಸಿ ಉಕ್ಕಿ ಬಂದಾಗ ಮೊದಲು ದೂರಿದ್ದು ನುಸಿಯನ್ನು ಬೇಟೆಯಾಡುವ ಪರಭಕ್ಷಕಗಳ ಸಾವನ್ನು. ಮುಂದೆ ಡಿಡಿಟಿ, ಕಾರ್ಬರಿಲ್‌ನಂಥವುಗಳ ಅಂಶ ನುಸಿಯ ಮೊಟ್ಟೆಯನ್ನೂ ಹೆಚ್ಚಿಸುತ್ತದೆ ಎಂದು ಪ್ರಯೋಗಗಳು ತೋರಿಸಿದವು.

ಈಗಿನ ಕಾಲಕ್ಕೆ ಮುಖ್ಯವಾದ ಪ್ರಕರಣ ಇಮಿಡಾಕ್ಲೋಪ್ರಿಡ್. ರಸ ಹೀರುವ ಕೀಟಗಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಜೇಡನುಸಿಯನ್ನು ಹೊಲದ ಪ್ರಮಾಣದಲ್ಲಿ ಕೊಲ್ಲುವುದಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹಾಪ್ಸ್ ಬೆಳೆಯ ಹಿನ್ನೆಲೆಯಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಮಿಡಾಕ್ಲೋಪ್ರಿಡ್ ತಾಗಿದ ಎರಡು ಚುಕ್ಕೆಯ ನುಸಿಗಳು ಪ್ರೌಢ ಬದುಕಿನ ಮೊದಲ 12 ದಿನಗಳಲ್ಲಿ 10ರಿಂದ 26 ಶೇಕಡಾ ಹೆಚ್ಚು ಮೊಟ್ಟೆಯಿಟ್ಟವು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಕಾಂಡಕೊರಕ ದುಂಬಿಯೊಂದನ್ನು ನಿರ್ಮೂಲ ಮಾಡಲು ಎಲ್ಮ್ ಮರಗಳಿಗೆ ಇದೇ ಔಷಧಿ ಕೊಟ್ಟಾಗ ಅವುಗಳ ಮೇಲೆ ಇನ್ನೊಂದು ಜಾತಿಯ ಜೇಡನುಸಿ ಉಕ್ಕಿತು. 2011ರಲ್ಲಿ ಹೊರಬಂದ ಅಧ್ಯಯನ ಅದರ ಕಾರಣಗಳನ್ನು ಬಿಡಿಸಿಟ್ಟಿತು: ಔಷಧಿಯುಂಡ ನುಸಿಯನ್ನು ತಿಂದ ಪರಭಕ್ಷಕಗಳಿಗೆ ವಿಷ ತಗುಲಿತ್ತು, ಔಷಧಿ ಕೊಟ್ಟ ಮರದ ಎಲೆ ತಿಂದ ನುಸಿ ಹೆಚ್ಚು ಮೊಟ್ಟೆ ಇಡುತ್ತಿತ್ತು. ಮುಂದಿನ ಕೆಲಸದಲ್ಲಿ ಹತ್ತಿ, ಮೆಕ್ಕೆಜೋಳ, ಟೊಮೇಟೊಗಳಿಗೆ ಇಮಿಡಾಕ್ಲೋಪ್ರಿಡ್ ಸೇರಿದ ನಿಯೋನಿಕೋಟಿನಾಯ್ಡ್ ಗುಂಪಿನ ಔಷಧಿ ಕೊಟ್ಟಾಗ ಗಿಡದ ರಕ್ಷಣೆಗೆ ಸಂಬಂಧಿಸಿದ ಜೀನ್‌ಗಳ ಮತ್ತು ಹಾರ್ಮೋನುಗಳ ಮಟ್ಟವೇ ಬದಲಾಗುವುದು ಕಂಡಿತು. ಅಂದರೆ ಔಷಧಿ ನುಸಿಯ ಮೈಯಲ್ಲಿ ಮಾತ್ರ ಕೆಲಸ ಮಾಡಬೇಕೆಂದಿಲ್ಲ, ಗಿಡವನ್ನು ನುಸಿಗೆ ಹದವಾದ ಆಹಾರವಾಗಿಸುವ ಮೂಲಕವೂ ನುಸಿಗೆ ಅನುಕೂಲ ಮಾಡಿಕೊಡಬಲ್ಲದು.

ಎಲ್ಲ ಪ್ರಯೋಗಗಳೂ ಒಂದೇ ಮಾತು ಹೇಳುತ್ತಿಲ್ಲ. ಕೆಲವು ನುಸಿ ತಳಿಗಳಲ್ಲಿ ಇಮಿಡಾಕ್ಲೋಪ್ರಿಡ್‌ನಿಂದ ಮೊಟ್ಟೆ ಹೆಚ್ಚಲಿಲ್ಲ, ಇಳಿಯಿತು. ತಳಿ, ಗಿಡ, ಪ್ರಮಾಣ, ಕೊಟ್ಟ ವಿಧಾನಕ್ಕೆ ತಕ್ಕಂತೆ ಫಲಿತಾಂಶ ಬದಲಾಗುತ್ತದೆ. ಆದರೂ ಹೊಲದ ಮಟ್ಟಿಗೆ ಸಣ್ಣ ಹೆಚ್ಚಳವೂ ಯಾಕೆ ಮುಖ್ಯ ಎಂಬುದಕ್ಕೆ ಒಂದು ಲೆಕ್ಕ ಮಾಡಿ ನೋಡಿ. ಪ್ರತಿ ತಲೆಮಾರಿನಲ್ಲೂ 20 ಶೇಕಡಾ ಹೆಚ್ಚು ಮೊಟ್ಟೆ ಎಂದಿಟ್ಟುಕೊಂಡರೆ, ಮೂರು ತಲೆಮಾರಿಗೆ 1.2 × 1.2 × 1.2, ಅಂದರೆ 1.73 ಪಟ್ಟು. ಬೇಸಿಗೆಯಲ್ಲಿ ಮೂರು ತಲೆಮಾರು ಎಂದರೆ ಒಂದು ತಿಂಗಳಷ್ಟೇ.

ಬೇಟೆಗಾರರ ಪಾಡು

ಜೇಡನುಸಿಯನ್ನು ತಿನ್ನುವವರಲ್ಲಿ ಮುಖ್ಯರು ಇನ್ನೊಂದು ಬಗೆಯ ನುಸಿಗಳು. ನಮ್ಮ ತರಕಾರಿ ಹೊಲಗಳಲ್ಲಿ ನಿಯೋಸಿಯುಲಸ್ ಲಾಂಜಿಸ್ಪಿನೋಸಸ್ ಸಾಮಾನ್ಯ. ಗಾತ್ರ ಜೇಡನುಸಿಯಷ್ಟೇ, ಮೈ ಹೊಳಪು, ನಡಿಗೆ ಚುರುಕು. ಲೆನ್ಸಿನಲ್ಲಿ ನೋಡಿದಾಗ ಉಳಿದವು ಕೂತಿದ್ದು ಒಂದು ಮಾತ್ರ ಓಡುತ್ತಿದ್ದರೆ ಅದು ಇದೇ ಇರಬಹುದು, ಕೊಲ್ಲಬೇಡಿ. ಇವುಗಳ ಜೊತೆಗೆ ಸ್ಟೆಥೋರಸ್ ಎಂಬ ಕರಿಯ ಪುಟ್ಟ ಗುಲಗಂಜಿ ಹುಳ, ಸ್ಕೋಲೋಥ್ರಿಪ್ಸ್ ಎಂಬ ನುಸಿ ತಿನ್ನುವ ಥ್ರಿಪ್ಸ್ (ಒಂದು ಬಗೆಯ ಸಣ್ಣ ಕೀಟ) ಇವೆ.

ಪರಭಕ್ಷಕ ನುಸಿಗೆ ಕಣ್ಣಿಲ್ಲ. ಜೇಡನುಸಿ ಹತ್ತಿದ ಗಿಡ ಹೊರಸೂಸುವ ವಾಸನೆಯ ಜಾಡು ಹಿಡಿದು ಅದು ಬೇಟೆಯ ಹತ್ತಿರ ಬರುತ್ತದೆ, ಆಮೇಲೆ ಬಲೆ ಮತ್ತು ಹಿಕ್ಕೆಯ ಗುರುತಿನಿಂದ ತೇಪೆಯಲ್ಲೇ ಉಳಿಯುತ್ತದೆ. ನರಕ್ಕೆ ತಾಗುವ ಔಷಧಿಯ ಅಲ್ಪಾಂಶವೂ ಈ ಸರಪಳಿಯ ಯಾವುದಾದರೂ ಕೊಂಡಿಯನ್ನು ಕಡಿಯಬಲ್ಲದು: ವಾಸನೆಗೆ ಪ್ರತಿಕ್ರಿಯೆ ಮಂಕಾಗುವುದು, ಬೇಟೆ ಇದ್ದರೂ ತೇಪೆ ಬಿಟ್ಟು ಹೋಗುವುದು, ಸಿಕ್ಕ ಬೇಟೆಯನ್ನು ಹೀರಲು ಹೆಚ್ಚು ಹೊತ್ತು ತೆಗೆದುಕೊಳ್ಳುವುದು. ತಿಂದಷ್ಟೇ ಮೊಟ್ಟೆಯಿಡುವ ಜೀವಿ ಇದು. ತಿನ್ನುವುದು ಇಳಿದರೆ ಸಂತತಿಯೂ ಇಳಿಯುತ್ತದೆ. ಪೈರೆಥ್ರಾಯ್ಡ್‌ಗಳಂತೂ ಜೇಡನುಸಿಗಿಂತ ಇವಕ್ಕೆ ಬಹಳ ಹೆಚ್ಚು ವಿಷ, ಎಲೆಯ ಮೇಲಿನ ಅಂಶ ವಾರಗಟ್ಟಲೆ ಕಾಡುತ್ತದೆ.

ಬೇವಿನ ಔಷಧಿ ಹೊಡೆದರೆ ಈ ತೊಂದರೆಯಿಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. ಬ್ರೆಜಿಲಿನಲ್ಲಿ ತೆಂಗಿನ ನುಸಿಯ ಪರಭಕ್ಷಕವಾದ ನಿಯೋಸಿಯುಲಸ್ ಬರಾಕಿ ಮೇಲೆ ನಡೆದ ಕೆಲಸದಲ್ಲಿ ಬೇವಿನ ಅಜಾಡಿರಾಕ್ಟಿನ್ ಸಹ ಅದರ ನಡವಳಿಕೆ ಮತ್ತು ಸಂತಾನಕ್ಕೆ ಅಡ್ಡಿ ಮಾಡಿದ್ದು ಕಂಡಿದೆ. 1990ರ ದಶಕದ ಕೊನೆಯಲ್ಲಿ ಕೇರಳಕ್ಕೆ ಬಂದು ನಮ್ಮ ತೆಂಗಿನ ತೋಟಗಳಿಗೂ ಹರಡಿದ ನುಸಿಪೀಡೆ ಬ್ರೆಜಿಲಿನ ಆ ತೆಂಗಿನ ನುಸಿಯ ಜಾತಿಯದೇ, ಹಾಗಾಗಿ ಆ ಫಲಿತಾಂಶ ನಮಗೂ ಸಂಬಂಧಪಟ್ಟದ್ದು. ಬೇವನ್ನು ಬಿಡಬೇಕೆಂದಲ್ಲ. ‘ಸಾವಯವ, ಆದ್ದರಿಂದ ಎಷ್ಟು ಸಲ ಹೊಡೆದರೂ ನಡೆಯುತ್ತದೆ’ ಎನ್ನುವ ಲೆಕ್ಕ ಸರಿಯಿಲ್ಲ.

ಮೆಣಸಿನಕಾಯಿಯ ಮುಟುರು

ಮೆಣಸಿನಗಿಡದಲ್ಲಿ ಕಾಡುವುದು ಬೇರೆ ನುಸಿ, ಹಳದಿ ನುಸಿ. ಗಾತ್ರ 0.2 ಮಿಲಿಮೀಟರ್, ಬರಿಗಣ್ಣಿಗೆ ಕಾಣುವುದಿಲ್ಲ, ಬಲೆ ನೇಯುವುದಿಲ್ಲ, ಕುಡಿಯ ಎಳೆಯ ಎಲೆಗಳಲ್ಲಿ ಇರುತ್ತದೆ. ಜೀವನಚಕ್ರ ಒಂದು ವಾರದೊಳಗೆ ಮುಗಿಯುತ್ತದೆ. ಇದರ ಗಂಡು, ಅಲುಗದೆ ಕೂತ ಹೆಣ್ಣುಮರಿಯನ್ನು ಹೊತ್ತುಕೊಂಡು ಹೊಸ ಚಿಗುರಿಗೆ ಸಾಗಿಸುತ್ತದೆ. ಬಿಳಿನೊಣದ ಕಾಲಿಗೆ ಅಂಟಿಕೊಂಡು ಗಿಡದಿಂದ ಗಿಡಕ್ಕೆ ಹೋಗುವುದೂ ಉಂಟು. ಎಲೆ ಮೇಲ್ಮುಖವಾಗಿ ದೋಣಿಯಂತೆ ಮುದುಡಿದರೆ ಥ್ರಿಪ್ಸ್, ಅಂಚು ಕೆಳಕ್ಕೆ ಬಾಗಿ ತೊಟ್ಟು ಉದ್ದವಾದರೆ ನುಸಿ. ಎರಡನ್ನೂ ‘ಮುಟುರು’ ಎಂದೇ ಕರೆಯುವುದರಿಂದ ನುಸಿಯ ಮುಟುರಿಗೆ ಥ್ರಿಪ್ಸ್ ಔಷಧಿ ಬೀಳುತ್ತದೆ. ನುಸಿಯನ್ನು ಕೊಲ್ಲದ, ಅದರ ಬೇಟೆಗಾರರನ್ನು ಕೊಲ್ಲುವ ಇಮಿಡಾಕ್ಲೋಪ್ರಿಡ್ ಅಥವಾ ಪೈರೆಥ್ರಾಯ್ಡ್ ಬಿದ್ದ ಮೇಲೆ ಮುಟುರು ಹೆಚ್ಚಾದರೆ ‘ಡೋಸ್ ಸಾಲಲಿಲ್ಲ’ ಎಂದು ಮತ್ತೆ ಅದನ್ನೇ ಹೊಡೆಯುತ್ತಾರೆ. ಹೊಡೆಯುವ ಮುನ್ನ ಹತ್ತು ಗಿಡದ ಕುಡಿ ಮುರಿದು 20 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸಿನಲ್ಲಿ ನೋಡುವುದು ಇಲ್ಲಿ ಕಡ್ಡಾಯ.

ಔಷಧಿಗೆ ಬಗ್ಗದ ನುಸಿ

ಎರಡು ಚುಕ್ಕೆಯ ನುಸಿ 90ಕ್ಕೂ ಹೆಚ್ಚು ರಾಸಾಯನಿಕಗಳಿಗೆ ನಿರೋಧಕತೆ ತೋರಿಸಿದ ದಾಖಲೆಯಿದೆ. ಇಷ್ಟು ಬೇಗ ಹೇಗೆ? ಕೂಡದ ಹೆಣ್ಣಿನ ಮೊಟ್ಟೆಯಿಂದ ಬಂದ ಗಂಡಿನಲ್ಲಿ ಜೀನ್‌ಗಳ ಒಂದೇ ಪ್ರತಿ ಇರುತ್ತದೆ. ಎರಡು ಪ್ರತಿ ಇರುವ ಹೆಣ್ಣಿನಲ್ಲಿ ಅಡಗಿ ಕೂರುವ ನಿರೋಧಕ ಜೀನ್ ಗಂಡಿನಲ್ಲಿ ಅಡಗಲಾರದು, ಔಷಧಿ ಬಿದ್ದ ತಕ್ಷಣ ಆಯ್ಕೆಯಾಗಿ ಉಳಿಯುತ್ತದೆ. ಎಟೊಕ್ಸಾಜೋಲ್‌ಗೆ ನಿರೋಧಕತೆ ಇಂಥ ಅಡಗುವ ಬಗೆಯದು. ಬೈಫೆನಜೇಟ್‌ಗೆ ಇರುವ ನಿರೋಧಕತೆ ಇನ್ನೂ ವಿಚಿತ್ರ, ಅದು ತಾಯಿಯಿಂದ ಮಾತ್ರ ಮಕ್ಕಳಿಗೆ ದಾಟುತ್ತದೆ. ಒಂದು ಹೆಣ್ಣು ಉಳಿದರೂ ಅದರ ಮಕ್ಕಳೆಲ್ಲ ಬಗ್ಗದವು. ಅರೆಬರೆ ಪ್ರಮಾಣ ಅರ್ಧ ನಿರೋಧಕತೆ ಇರುವ ನುಸಿಗಳನ್ನೂ ಉಳಿಸಿ, ಒಂದಿಷ್ಟನ್ನು ಪಕ್ಕದ ಸಾಲಿಗೆ ಕಳಿಸುತ್ತದೆ.

ಔಷಧಿ ಬದಲಿಸುವುದೆಂದರೆ ಹೆಸರು ಬದಲಿಸುವುದಲ್ಲ, ಕೆಲಸ ಮಾಡುವ ಬಗೆ ಬದಲಿಸುವುದು. ಕೆಲಸ ಮಾಡುವ ಬಗೆಯಂತೆ ಔಷಧಿಗಳಿಗೆ ಗುಂಪಿನ ಸಂಖ್ಯೆ ಕೊಡುವ ಅಂತರರಾಷ್ಟ್ರೀಯ ಪಟ್ಟಿಯಲ್ಲಿ (ಐಆರ್‌ಎಸಿ) ಫೆನ್‌ಪೈರಾಕ್ಸಿಮೇಟ್ ಮತ್ತು ಫೆನಜಾಕ್ವಿನ್ ಎರಡೂ ಒಂದೇ ಗುಂಪು, 21ಎ. ಒಂದರ ಬೆನ್ನಿಗೆ ಇನ್ನೊಂದು ಹೊಡೆದರೆ ಬದಲಿಸಿದಂತಾಗಲಿಲ್ಲ. ಹೆಕ್ಸಿಥಿಯಾಜಾಕ್ಸ್ ಮತ್ತು ಎಟೊಕ್ಸಾಜೋಲ್ ಎರಡೂ 10ನೇ ಗುಂಪು. ಅಬಾಮೆಕ್ಟಿನ್ 6, ಪ್ರಾಪರ್ಜೈಟ್ 12ಸಿ, ಬೈಫೆನಜೇಟ್ 20ಡಿ, ಸ್ಪೈರೋಮೆಸಿಫೆನ್ 23, ಸೈಫ್ಲುಮೆಟೊಫೆನ್ 25. ನಿಮ್ಮ ಬೆಳೆಗೆ ಲೇಬಲ್‌ನಲ್ಲಿ ಅನುಮತಿ ಇರುವವುಗಳಲ್ಲಿ ಮಾತ್ರ ಆಯ್ಕೆ ಮಾಡಿ, ಕೊಯ್ಲಿಗೆ ಮುನ್ನ ಬಿಡಬೇಕಾದ ದಿನಗಳನ್ನು ಪಾಲಿಸಿ.

ಹೊಡೆಯುವಾಗ

ತೇಪೆ ಚಿಕ್ಕದಿರುವಾಗಲೇ ಹಿಡಿಯಬೇಕು. ವಾರಕ್ಕೊಮ್ಮೆ ಅಂಚಿನ ಸಾಲುಗಳಲ್ಲಿ ಕೆಳಗಿನ ಎಲೆ ತಿರುವಿ ನೋಡಿ. ತೇಪೆ ಸಿಕ್ಕಿದರೆ ಅದರ ಸುತ್ತ ಎರಡು ಮೀಟರ್ ಆಚೆಯಿಂದ ಶುರುಮಾಡಿ ಒಳಮುಖವಾಗಿ ಹೊಡೆಯಿರಿ, ಓಡಿಬರುವ ನುಸಿಗೆ ಔಷಧಿ ಬಿದ್ದ ಎಲೆಯೇ ಎದುರಾಗಲಿ. ಕೋನ್ ಬಗೆಯ ಸಣ್ಣ ಹನಿಯ ನಾಜಲ್ ಬಳಸಿ, ಲ್ಯಾನ್ಸ್ ಕೆಳಗೆ ಇಳಿಸಿ, ನಾಜಲ್ ಮೇಲ್ಮುಖ ಮಾಡಿ. ಒಂದು ಟ್ಯಾಂಕ್ ಮುಗಿದ ಮೇಲೆ ಕೆಳಗಿನ ಎಲೆಗಳ ಅಡಿ ನೋಡಿ. ಒದ್ದೆಯಾಗಿರದಿದ್ದರೆ ಔಷಧಿ ಬದಲಿಸಿ ಪ್ರಯೋಜನವಿಲ್ಲ, ನಾಜಲ್ ಮತ್ತು ನೀರಿನ ಪ್ರಮಾಣ ಬದಲಿಸಬೇಕು. ಬಲೆ ದಟ್ಟವಾಗಿರುವ ಮುದಿ ಎಲೆಗಳನ್ನು ಮೊದಲೇ ಕಿತ್ತು ಚೀಲದಲ್ಲಿ ಕಟ್ಟಿ ಹೊರಗೆ ಒಯ್ಯಿರಿ. ಬದುವಿನ ಮೇಲೆ ಬಿಸಾಡಿದರೆ ಒಣಗುವ ಎಲೆಯಿಂದ ನುಸಿ ಎದ್ದು ವಾಪಸು ಬರುತ್ತದೆ. ಗಂಧಕ ಬಳಸುವವರು ಸುಡುಬಿಸಿಲಿನಲ್ಲಿ ಹೊಡೆಯಬಾರದು, ಎಣ್ಣೆಯ ಔಷಧಿಗೂ ಅದಕ್ಕೂ ಎರಡು ವಾರ ಅಂತರ ಇರಲಿ, ಇಲ್ಲವಾದರೆ ಎಲೆ ಸುಡುತ್ತದೆ.

ಎಣಿಕೆಯನ್ನು ಮೂರನೇ ದಿನಕ್ಕೆ ಮುಗಿಸಬೇಡಿ. ಹೊಡೆಯುವ ಮುನ್ನ ಇಪ್ಪತ್ತು ಎಲೆಗಳಿಗೆ ದಾರ ಕಟ್ಟಿ ಗುರುತು ಮಾಡಿ, ತೇಪೆಯ ಒಳಗೆ ಹತ್ತು, ಐದಾರು ಸಾಲು ಆಚೆ ಹತ್ತು. ಓಡಾಡುವ ನುಸಿ, ಮೊಟ್ಟೆ, ಪರಭಕ್ಷಕ ಮೂರನ್ನೂ ಬೇರೆ ಬೇರೆ ಬರೆದಿಡಿ. ಮೂರು, ಏಳು, ಹನ್ನೆರಡನೆಯ ದಿನ ಮತ್ತೆ ನೋಡಿ. ಒಳಗೆ ಇಳಿದು ಹೊರಗೆ ಏರಿದರೆ ನುಸಿ ಚದುರಿದೆ. ನುಸಿ ಇಳಿದು ಮೊಟ್ಟೆ ಹಾಗೇ ಇದ್ದರೆ ಏಳನೆಯ ದಿನದ ಹೊತ್ತಿಗೆ ಮರಿ ತುಂಬುತ್ತದೆ, ಬೇರೆ ಗುಂಪಿನ, ಮೊಟ್ಟೆ ಮರಿಗಳ ಮೇಲೆ ಕೆಲಸ ಮಾಡುವ ಔಷಧಿ ಬೇಕು. ನುಸಿ ಕಂಡರೂ ಮೊಟ್ಟೆ ಕಡಿಮೆಯಾಗುತ್ತಾ ಬಂದು ಪರಭಕ್ಷಕ ಉಳಿದಿದ್ದರೆ ಕೈ ತಡೆಯಿರಿ.

ಅರ್ಧ ಎಲೆಯ ಪರೀಕ್ಷೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಔಷಧಿ ಬೀಳದ ಬೀನ್ಸ್ ಎಲೆ ತೆಗೆದುಕೊಳ್ಳಿ. ಕೈಗವಸು ಹಾಕಿ, ಟ್ಯಾಂಕಿಗೆ ಬೆರೆಸುವ ಪ್ರಮಾಣದಲ್ಲೇ ತಯಾರಿಸಿದ ದ್ರಾವಣದಲ್ಲಿ ಎಲೆಯ ಒಂದು ಅರ್ಧವನ್ನು ಐದು ಸೆಕೆಂಡ್ ಅದ್ದಿ ನೆರಳಲ್ಲಿ ಒಣಗಿಸಿ. ತಟ್ಟೆಯಲ್ಲಿ ನೀರಿನಿಂದ ನೆನೆಸಿದ ಹತ್ತಿ ಹರಡಿ, ಎಲೆಯನ್ನು ಅಡಿ ಮೇಲಾಗಿ ಇಡಿ. ಹೊಲದಿಂದ ತಂದ ಇಪ್ಪತ್ತು ದೊಡ್ಡ ಹೆಣ್ಣುಗಳನ್ನು ಸೊನ್ನೆ ನಂಬರಿನ ಬಣ್ಣದ ಕುಂಚದಿಂದ ನಡುನರದ ಮೇಲೆ ಬಿಡಿ. ಇನ್ನೊಂದು ತಟ್ಟೆಯಲ್ಲಿ ಬರೀ ನೀರಿಗೆ ಅದ್ದಿದ ಎಲೆ ಇಟ್ಟು ಹೀಗೇ ಮಾಡಿ. 24 ಗಂಟೆ ಬಿಟ್ಟು, ಮತ್ತೆ 72 ಗಂಟೆಗೆ ಎಣಿಸಿ: ಲೇಪಿತ ಅರ್ಧದಲ್ಲಿ ಎಷ್ಟು, ಇನ್ನೊಂದರಲ್ಲಿ ಎಷ್ಟು, ಹತ್ತಿಯಲ್ಲಿ ಸಿಕ್ಕಿದ್ದೆಷ್ಟು, ಮೊಟ್ಟೆ ಎಲ್ಲಿ. ನೀರಿನ ತಟ್ಟೆಯಲ್ಲೂ ಬಹಳ ಸತ್ತಿದ್ದರೆ ಕುಂಚದ ಪೆಟ್ಟು ಬಿದ್ದಿದೆ, ಪರೀಕ್ಷೆ ಮತ್ತೆ ಮಾಡಬೇಕು. ಔಷಧಿಯ ತಟ್ಟೆಯಲ್ಲಿ ನುಸಿಗಳು ಬದುಕಿ, ಮೊಟ್ಟೆಯೆಲ್ಲ ಲೇಪವಿಲ್ಲದ ಅರ್ಧದಲ್ಲೇ ಇದ್ದರೆ ಅದು ಓಡಿಸುವ ಔಷಧಿ. ಅಡಿ ಪೂರ್ತಿ ತೊಯ್ಯದ ಹೊಲದಲ್ಲಿ ಅದನ್ನು ಹೊಡೆಯಬೇಡಿ. ಎರಡೂ ಅರ್ಧಗಳಲ್ಲಿ ನಿಶ್ಚಿಂತೆಯಿಂದ ತಿನ್ನುತ್ತಾ ಮೊಟ್ಟೆಯಿಡುತ್ತಿದ್ದರೆ ನುಸಿ ಬಗ್ಗದಾಗಿದೆ ಅಥವಾ ಔಷಧಿಯಲ್ಲಿ ಸತ್ವವಿಲ್ಲ; ಹೆಕ್ಸಿಥಿಯಾಜಾಕ್ಸ್‌ನಂಥದ್ದಾದರೆ ಮಾತ್ರ ಇನ್ನೂ ನಾಲ್ಕು ದಿನ ಕಾದು ಮೊಟ್ಟೆ ಒಡೆಯುತ್ತವೆಯೇ ನೋಡಿ ತೀರ್ಮಾನಿಸಿ. ತಟ್ಟೆಯಲ್ಲಿ ಬಹುಪಾಲು ಸತ್ತು ಹೊಲದಲ್ಲಿ ಮಾತ್ರ ಉಳಿಯುತ್ತಿದ್ದರೆ, ತಪ್ಪು ಇರುವುದು ಎಲೆಯ ಅಡಿಗೆ ಔಷಧಿ ತಲುಪಿಸುವ ಕೆಲಸದಲ್ಲಿ.